ನೀವು ಕೇಳಿದಿರಿ: ‘ನಾನ್ಯಾರು ಹೇಳು ನೋಡೋಣ’ ಎನ್ನುವ ನೆಂಟರಿಗೆ ಏನು ಹೇಳೋಣ?

ಕಣ್ಣು ಕಾಣದವರ ಮನೆ, ಅಡುಗೆ, ಮದುವೆ, ಮಕ್ಕಳ ವಿಚಾರವಾಗಿ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಓದುಗರು ಕಳಿಸಿದ ಪ್ರಶ್ನೆಗಳಿವು. ಮನೆಯವರು ಓದಿದರೆ ಗಲಾಟೆಯಾಗುತ್ತದೆ ಎಂದು ಹಲವರು ಬರೆದಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ನಮ್ಮೆಜಮಾನರಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಮದುವೆ, ನಾಮಕರಣ ಎಲ್ಲಿಗೆ ಹೋದರೂ ನೆಂಟರು ಕೈ ಹಿಡಿದು ‘ನಾನ್ಯಾರು ಹೇಳು ನೋಡೋಣ’ ಅಂತ ನಿಂತುಬಿಡುತ್ತಾರೆ. ಇವರು ಸಿಟ್ಟಿನಲ್ಲಿ ಊಟವನ್ನೂ ಸರಿಯಾಗಿ ಮಾಡದೆ ಬರುತ್ತಾರೆ. ಹಿರಿಯರಿಗೆ ಬೇಜಾರಾಗದಂತೆ ಇದನ್ನು ನಿಲ್ಲಿಸುವುದು ಹೇಗೆ?
— ಹೊಸ ಸೊಸೆ, ಗುಬ್ಬಿ

ಈ ಪರೀಕ್ಷೆಗೆ ಕೂರದ ಅಂಧರು ನಮ್ಮ ಕಡೆ ಒಬ್ಬರೂ ಇರಲಿಕ್ಕಿಲ್ಲ. ಕೇಳುವವರಲ್ಲಿ ಕೆಟ್ಟ ಮನಸ್ಸೇನಿಲ್ಲ, ‘ಹುಡುಗ ನನ್ನನ್ನು ಮರೆತಿಲ್ಲ ತಾನೇ’ ಎಂಬ ಆಸೆ ಅಷ್ಟೇ. ಆದರೆ ದನಿಯಿಂದ ಆಳು ಗುರುತು ಸಿಗಬೇಕಾದರೆ ನಾಲ್ಕಾರು ವಾಕ್ಯ ಕಿವಿಗೆ ಬೀಳಬೇಕು, ಸುತ್ತ ಸದ್ದು ಕಡಿಮೆ ಇರಬೇಕು, ಆ ಮನುಷ್ಯ ಅಲ್ಲಿ ಸಿಗಬಹುದು ಎಂಬ ಅಂದಾಜೂ ಇರಬೇಕು. ಛತ್ರದಲ್ಲಿ ಓಲಗ ಊದುತ್ತಿರುತ್ತದೆ, ನೆಂಟರು ಗಂಟಲು ಬದಲಿಸಿ ಮಾತಾಡುತ್ತಾರೆ, ಅದೂ ಎಲ್ಲರೂ ಹೇಳುವ ಅದೇ ನಾಲ್ಕು ಪದ. ಆ ಪದಗಳಲ್ಲಿ ದೊಡ್ಡಪ್ಪ ಯಾರು, ಅಡುಗೆಭಟ್ಟರು ಯಾರು ಎಂದು ಹೇಗೆ ತಿಳಿಯಬೇಕು?

ಇದರಲ್ಲಿ ನಿಮ್ಮ ಪಾತ್ರ ದೊಡ್ಡದು. ಯಾರಾದರೂ ಹತ್ತಿರ ಬರುವುದು ಕಂಡ ಕೂಡಲೇ ನೀವೇ ಗಟ್ಟಿಯಾಗಿ ‘ಬನ್ನಿ ಚಿಕ್ಕಪ್ಪ, ಸಿರಾದಿಂದ ಯಾವಾಗ ಬಂದ್ರಿ?’ ಎನ್ನಿ. ಅಷ್ಟರಲ್ಲಿ ಉತ್ತರ ಅವರ ಕಿವಿಗೆ ಬಿದ್ದಿರುತ್ತದೆ. ನೀವು ಪಕ್ಕದಲ್ಲಿಲ್ಲದಾಗ ಅವರು ‘ಸದ್ದು ಜಾಸ್ತಿ, ಹೆಸರು ಹೇಳಿಬಿಡಿ’ ಎಂದು ನಗುನಗುತ್ತಾ ಕೇಳಲಿ. ಅದಕ್ಕೂ ಬಗ್ಗದವರಿಗೆ ಒಂದು ಮದ್ದಿದೆ: ‘ಗೊತ್ತಾಯ್ತು ಬಿಡಿ, ನನಗೆ ಎರಡು ಸಾವಿರ ವಾಪಸ್ ಕೊಡಬೇಕಾದವರಲ್ವಾ?’ ಎಂದು ಕೇಳುವುದು. ಹೆಸರು, ಊರು, ತಂದೆಯ ಹೆಸರು ಎಲ್ಲ ಒಂದೇ ಉಸಿರಿಗೆ ಬರುತ್ತದೆ, ಸುತ್ತ ಇದ್ದವರೂ ನಗುತ್ತಾರೆ.

ನೆಂಟರಿಗೆ ಇನ್ನೊಂದನ್ನೂ ಹೇಳಿಕೊಡಿ. ಬಂದಾಗ ಹೆಸರು ಹೇಳುವುದು ಎಷ್ಟು ಮುಖ್ಯವೋ, ಹೋಗುವಾಗ ‘ಬರ್ತೀನಪ್ಪ’ ಎನ್ನುವುದೂ ಅಷ್ಟೇ ಮುಖ್ಯ. ಸದ್ದಿಲ್ಲದೆ ಎದ್ದು ಹೋದರೆ ಅವರು ಐದು ನಿಮಿಷ ಖಾಲಿ ಕುರ್ಚಿಯ ಜೊತೆ ಮಳೆ-ಬೆಳೆ ಮಾತಾಡುತ್ತಿರುತ್ತಾರೆ. ನೋಡುವವರಿಗೆ ಅದು ತಮಾಷೆ, ಅವರಿಗೆ ಅವಮಾನ.

ನಾನು ನಿವೃತ್ತ ಕಂಡಕ್ಟರ್. ಬಿಳಿ ಕೋಲು ಹಿಡಿದು ಹತ್ತಿ ಅಂಧರ ಪಾಸ್ ತೋರಿಸಿದ ಹುಡುಗ, ಸೀಟಿನಲ್ಲಿ ಕೂತ ಮೇಲೆ ಪೇಪರ್ ಓದುತ್ತಿದ್ದ. ಇದು ಮೋಸ ಅಲ್ಲವೇ?
— ಓದುಗರು, ಸಿರಾ

ಅಲ್ಲ. ಒಂದು ಎ4 ಹಾಳೆ ತೆಗೆದುಕೊಂಡು, ಉದ್ದ ಹಾಗೇ ಉಳಿಯುವಂತೆ ಸುತ್ತಿ, 5 ಸೆಂ.ಮೀ. ಅಗಲದ ಕೊಳವೆ ಮಾಡಿ. ಒಂದು ಕಣ್ಣು ಮುಚ್ಚಿ, ಇನ್ನೊಂದಕ್ಕೆ ಕೊಳವೆ ಒತ್ತಿ ಹಿಡಿದು, ಕೂತಲ್ಲೇ ಸುತ್ತ ನೋಡಿ. ಈಗ ನಿಮಗೆ ಕಾಣುತ್ತಿರುವುದು ಸುಮಾರು 10 ಡಿಗ್ರಿಯಷ್ಟು ಜಗತ್ತು. ಗೋಡೆಯ ಕ್ಯಾಲೆಂಡರಿನ ತಾರೀಕು ಸಲೀಸಾಗಿ ಓದುತ್ತೀರಿ, ಕಾಲ ಬಳಿಯ ಸ್ಟೂಲು ಕಾಣುವುದಿಲ್ಲ. ಎದ್ದು ಮಾತ್ರ ನಡೆಯಬೇಡಿ, ಎಡವುತ್ತೀರಿ.

ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಕಾಯಿಲೆಯಲ್ಲಿ ಆಗುವುದು ಇದೇ. ಮೊದಲು ಸಂಜೆಗತ್ತಲಲ್ಲಿ ಕಾಣುವುದು ನಿಲ್ಲುತ್ತದೆ, ಆಮೇಲೆ ನೋಟ ಅಂಚಿನಿಂದ ಒಳಕ್ಕೆ ಸವೆಯುತ್ತಾ ಬರುತ್ತದೆ. ನಡುವಿನ ಚೂರು ಕೊನೆಯವರೆಗೂ ಉಳಿಯಬಹುದು. ಪೇಪರ್ ಓದುವುದು ಆ ಚೂರಿನಿಂದ. ಬಸ್ಸಿನ ಮೆಟ್ಟಿಲು, ಪಕ್ಕದಿಂದ ಬರುವ ಸ್ಕೂಟರ್ ಕಾಣದಿರುವುದು ಉಳಿದದ್ದು ಹೋಗಿರುವುದರಿಂದ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ, ಕನ್ನಡಕ ಹಾಕಿದ ಮೇಲೂ ಒಳ್ಳೆಯ ಕಣ್ಣಿನ ದೃಷ್ಟಿ 3/60ಕ್ಕಿಂತ ಕಡಿಮೆ (ಬೇರೆಯವರಿಗೆ 60 ಮೀಟರ್ ದೂರದಿಂದ ಕಾಣುವುದು 3 ಮೀಟರಿನಿಂದಲೂ ಕಾಣದಷ್ಟು) ಇದ್ದರೂ ಅಂಧತ್ವ, ನೋಟದ ಅಗಲ 10 ಡಿಗ್ರಿಗಿಂತ ಕಡಿಮೆ ಇದ್ದರೂ ಅಂಧತ್ವ. ಆ ಹುಡುಗ ಪಾಸಿಗೆ ಪೂರ್ತಿ ಅರ್ಹ. ಸಹಪ್ರಯಾಣಿಕರು ‘ನಾಟಕ’ ಎಂದಾರು ಅಂತ ಹೆದರಿ ಕೋಲನ್ನು ಚೀಲದಲ್ಲಿ ಮಡಚಿಟ್ಟು ಚರಂಡಿಗೆ ಬೀಳುವ ಹುಡುಗ ಹುಡುಗಿಯರು ಬಹಳ ಇದ್ದಾರೆ. ದಯವಿಟ್ಟು ನಿಮ್ಮ ಹಳೆಯ ಸಹೋದ್ಯೋಗಿಗಳಿಗೂ ಇದನ್ನು ತಿಳಿಸಿ.

ಆಟೋ ಓಡಿಸುತ್ತೇನೆ. ಟೌನ್ ಹಾಲ್ ಸರ್ಕಲ್ ಹತ್ತಿರ ಕಣ್ಣು ಕಾಣದವರೊಬ್ಬರನ್ನು ಕೈ ಹಿಡಿದು ರಸ್ತೆ ದಾಟಿಸಿದೆ. ಆ ಕಡೆ ಹೋದ ಮೇಲೆ ‘ನಾನು ಬಸ್ಸಿಗೆ ಕಾಯ್ತಿದ್ದೆ ಕಣಪ್ಪ’ ಅಂತ ಬೈದರು. ಸಹಾಯ ಮಾಡುವುದೂ ತಪ್ಪಾ?
— ಆಟೋ ಚಾಲಕರು, ತುಮಕೂರು

ಸಹಾಯ ತಪ್ಪಲ್ಲ, ಕೇಳದೆ ಮಾಡಿದ್ದು ತಪ್ಪು. ನೀವು ಅವರನ್ನು ವಾಪಸ್ ಈ ಕಡೆಗೆ ಬಿಟ್ಟಿದ್ದೀರಿ ಎಂದುಕೊಳ್ಳುತ್ತೇವೆ!

ಮುಂದಿನ ಸಲ ‘ಸಾರ್, ದಾಟಬೇಕಾ?’ ಎಂದು ಕೇಳಿ. ಹೂಂ ಎಂದರೆ ನಿಮ್ಮ ಮೊಣಕೈ ಅವರ ಕೈಗೆ ತಾಗಿಸಿ. ಅವರೇ ಮೊಣಕೈ ಮೇಲ್ಭಾಗ ಹಿಡಿದು ಅರ್ಧ ಹೆಜ್ಜೆ ಹಿಂದೆ ಬರುತ್ತಾರೆ. ನಿಮ್ಮ ಮೈ ಏರಿದ್ದು, ಇಳಿದದ್ದು, ತಿರುಗಿದ್ದು ಎಲ್ಲ ಆ ಕೈಯಿಂದಲೇ ಗೊತ್ತಾಗುತ್ತದೆ. ನೀವೇ ಅವರ ತೋಳು ಹಿಡಿದು ಮುಂದಕ್ಕೆ ತಳ್ಳಿದರೆ ಗುಂಡಿಗೆ ಮೊದಲು ಬೀಳುವವರು ಅವರು. ಕೋಲನ್ನಂತೂ ಹಿಡಿದು ಎಳೆಯಲೇಬಾರದು. ಫುಟ್‌ಪಾತ್ ಬಂದಾಗ ‘ಮೆಟ್ಟಿಲು’ ಎಂದಷ್ಟೇ ಹೇಳಿದರೆ ಸಾಲದು. ‘ಮೇಲಕ್ಕೆ’ ಅಥವಾ ‘ಕೆಳಕ್ಕೆ’ ಎಂದು ಸೇರಿಸಿ.

ಬಿಳಿ ಕೋಲು ಕೆಳಗಿನದನ್ನು ಮಾತ್ರ ಹೇಳುತ್ತದೆ. ಸೊಂಟದಿಂದ ಮೇಲಿರುವ ಕೊಂಬೆ, ಅಂಗಡಿಯ ತಗಡು, ಲಾರಿ ಹಿಂದೆ ಚಾಚಿದ ಕಬ್ಬಿಣದ ಸರಳು ನೇರ ಮುಖಕ್ಕೇ ಹೊಡೆಯುತ್ತವೆ. ಅಂಥದ್ದು ಕಂಡರೆ ದೂರದಿಂದ ‘ಹುಷಾರ್’ ಎಂದು ಕೂಗಬೇಡಿ, ಯಾವ ಕಡೆಗೆ ಹುಷಾರಾಗಬೇಕು ಎಂದು ತಿಳಿಯುವುದಿಲ್ಲ. ‘ಸಾರ್, ನಿಂತ್ಕೊಳ್ಳಿ’ ಎನ್ನಿ. ನಿಮ್ಮದು ಎಲೆಕ್ಟ್ರಿಕ್ ಆಟೋ ಆಗಿದ್ದರೆ ಇನ್ನೂ ಜಾಗ್ರತೆ: ನಿಧಾನಕ್ಕೆ ಬರುವಾಗ ಅದರ ಸದ್ದೇ ಕೇಳುವುದಿಲ್ಲ. ಬಿಳಿ ಕೋಲು ಕಂಡ ಕೂಡಲೇ ಒಂದು ಸಣ್ಣ ಹಾರ್ನ್ ಸಾಕು.

ನನಗೆ ಕಣ್ಣು ಕಾಣುವುದಿಲ್ಲ. ಮದುವೆಯಾಗಿ ಮೂರು ತಿಂಗಳು. ಅತ್ತೆ ಒಲೆ ಹತ್ತಿರ ಸೇರಿಸುವುದಿಲ್ಲ. ‘ಒಂದಿನ ಗಂಟಿಲ್ಲದಂಗೆ ಮುದ್ದೆ ತಿರುವಿ ತೋರ್ಸು, ಅಡುಗೆಮನೆ ನಿಂದೇ’ ಅಂದಿದ್ದಾರೆ. ಗೆಲ್ಲಬೇಕು, ದಾರಿ ಹೇಳಿ.
— ಮಧುಗಿರಿ ಸೊಸೆ

ಗೆಲ್ಲುತ್ತೀರಿ. ಮುದ್ದೆ ಕಣ್ಣಿಗಿಂತ ಕಿವಿ, ಕೈ, ಮೂಗುಗಳ ಅಡುಗೆ. ಕಣ್ಣಿರುವವರೂ ಗಂಟಾಗಿದೆಯೇ ಎಂದು ಕೋಲಿನಿಂದಲೇ ತಿಳಿಯುವುದು.

ಮೊದಲು ಒಲೆ. ಬೆಂಕಿ ಹಚ್ಚುವ ಮುಂಚೆಯೇ ಪಾತ್ರೆಯನ್ನು ಬರ್ನರ್ ಮೇಲಿಟ್ಟು, ಸುತ್ತ ಬೆರಳಾಡಿಸಿ, ನಡುಮಧ್ಯ ಕೂತಿದೆ ಎಂದು ಖಾತ್ರಿ ಮಾಡಿಕೊಳ್ಳಿ. ಲೈಟರ್ ತುದಿಯನ್ನು ಬರ್ನರ್ ಅಂಚಿಗೆ ಹಿಡಿದ ಮೇಲೆಯೇ ನಾಬ್ ತಿರುಗಿಸಿ, ಕೂಡಲೇ ಒತ್ತಿ. ನಾಬ್ ತಿರುಗಿಸಿಟ್ಟು ಲೈಟರ್ ಹುಡುಕಿದರೆ ಗ್ಯಾಸ್ ತುಂಬಿಕೊಂಡು ಭಗ್ಗನೆ ಹತ್ತಿಕೊಳ್ಳುತ್ತದೆ. ತಾನೇ ಹತ್ತಿಕೊಳ್ಳುವ ಒಲೆಯಿದ್ದರೆ ಇನ್ನೂ ಒಳ್ಳೆಯದು. ಸಣ್ಣ ಉರಿ ಎಲ್ಲಿ ಎಂದು ತಿಳಿಯಲು ನಾಬಿನ ಮೇಲೂ ಅದರ ಎದುರಿಗೆ ಒಲೆಯ ಮೇಲೂ ಅವರೆಕಾಳಿನ ಗಾತ್ರದ ಎಂ-ಸೀಲ್ ಅಂಟಿಸಿ. ಎರಡೂ ಎದುರುಬದುರಾದರೆ ಸಣ್ಣ ಉರಿ. ಸೆರಗು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡಿರಬೇಕು, ಇದರಲ್ಲಿ ರಿಯಾಯಿತಿ ಇಲ್ಲ.

ಎರಡು ಮುದ್ದೆಗೆ ಒಂದು ಲೋಟ ರಾಗಿಹಿಟ್ಟು, ಎರಡು ಲೋಟ ನೀರು. ತಣ್ಣೀರಿಗೇ ಒಂದು ಚಮಚ ಹಿಟ್ಟು ಕದಡಿ ಇಡಿ. ನೀರು ಮೊದಲು ಸುಂಯ್ ಎನ್ನುತ್ತದೆ, ಆಮೇಲೆ ಗುಳುಗುಳು. ಸದ್ದು ಪಾತ್ರೆಯ ತುಂಬ ಹರಡಿದಾಗ ಉಳಿದ ಹಿಟ್ಟನ್ನು ನಡುವಿಗೆ ಗುಡ್ಡೆಯಾಗಿ ಸುರಿದು, ಮುದ್ದೆಕೋಲಿನಿಂದ ಗುಡ್ಡೆಯ ಮಧ್ಯೆ ತಳ ಮುಟ್ಟುವಂತೆ ಒಂದು ತೂತು ಮಾಡಿ. ಉರಿ ಸಣ್ಣ ಮಾಡಿ. ಈಗ ಮುಟ್ಟಬೇಡಿ. ಹೆಚ್ಚಿನವರು ಸೋಲುವುದು ಇಲ್ಲೇ: ಗಾಬರಿಯಿಂದ ಆಗಲೇ ತಿರುವಿದರೆ ಹಸಿಹಿಟ್ಟಿನ ಸುತ್ತ ಬೆಂದ ಪದರ ಕಟ್ಟಿಕೊಂಡು ಗಂಟಾಗುತ್ತದೆ, ಆಮೇಲೆ ಒಡೆಯುವುದು ಕಷ್ಟ. ಐದಾರು ನಿಮಿಷದಲ್ಲಿ ಸದ್ದು ದಪ್ಪವಾಗಿ ‘ಪುಳಕ್... ಪುಳಕ್’ ಎಂದು ನಿಧಾನವಾಗುತ್ತದೆ, ಹಸಿವಾಸನೆ ಹೋಗಿ ರಾಗಿಯ ಘಮ ಬರುತ್ತದೆ. ಆಗ ಪಾತ್ರೆ ಇಳಿಸಿ.

ನೆಲದ ಮೇಲೆ ಒದ್ದೆ ಬಟ್ಟೆ ಮಡಚಿ ಹಾಕಿ ಅದರ ಮೇಲೆ ಪಾತ್ರೆ ಇಟ್ಟರೆ ಜಾರುವುದಿಲ್ಲ. ಒಂದು ಕೈಲಿ ಇಕ್ಕಳ, ಇನ್ನೊಂದರಲ್ಲಿ ಕೋಲು. ಅಂಚಿಗೆ ಒತ್ತಿ ಒತ್ತಿ ನಡುವಿಗೆ ತಿರುವಿ. ಗಂಟು ಸಿಕ್ಕರೆ ಕೋಲು ತಡೆದು ಕೈಗೆ ಕಟ್ ಎಂದು ತಿಳಿಯುತ್ತದೆ; ಅದನ್ನು ಪಾತ್ರೆಯ ಗೋಡೆಗೆ ಒತ್ತಿ ಅರೆಯಿರಿ. ನಾಲ್ಕು ಹನಿ ನೀರು ಚಿಮುಕಿಸಿ ಮತ್ತೆರಡು ನಿಮಿಷ ಸಣ್ಣ ಉರಿ. ಬೆರಳು ಒದ್ದೆ ಮಾಡಿ ಮೇಲೆ ತಟ್ಟಿ ನೋಡಿ: ಅಂಟದಿದ್ದರೆ ಬೆಂದಿದೆ. ಕೈ ಒದ್ದೆ, ತಟ್ಟೆ ಒದ್ದೆ, ಬಿಸಿಯಿರುವಾಗಲೇ ಉಂಡೆ. ಮುದ್ದೆ ಬಿರುಕು ಬಿಟ್ಟರೆ ನೀರು ಕಡಿಮೆಯಾಗಿದೆ, ಹಲ್ಲಿಗೆ ಅಂಟಿದರೆ ಬೇಯುವುದು ಕಡಿಮೆಯಾಗಿದೆ. ಹೊಸ ರಾಗಿ, ಹಳೆ ರಾಗಿ ಹೀರುವ ನೀರು ಬೇರೆ, ಎರಡು ಸಲ ಮಾಡಿದರೆ ನಿಮ್ಮ ಮನೆಯ ಹಿಟ್ಟಿನ ಲೆಕ್ಕ ಸಿಗುತ್ತದೆ.

ಪಂದ್ಯಕ್ಕೆ ಒಂದೇ ಶರತ್ತು ಹಾಕಿ. ಅತ್ತೆ ಬಾಗಿಲಲ್ಲಿ ಕೂತು ನೋಡಲಿ, ಆದರೆ ಯಾವ ಪಾತ್ರೆಯನ್ನೂ ಜರುಗಿಸಬಾರದು. ಕಣ್ಣು ಕಾಣದವರ ಅಡುಗೆಮನೆಯಲ್ಲಿ ಕೈ ಸುಡುವುದು ಬಹುಪಾಲು ‘ಪಾಪ, ಸಹಾಯ ಮಾಡೋಣ’ ಎಂದು ಯಾರೋ ಬಿಸಿ ಪಾತ್ರೆಯನ್ನು ಹೇಳದೆ ಪಕ್ಕಕ್ಕೆ ಇಟ್ಟಾಗಲೇ. ಹಾಲು ಉಕ್ಕುವ ಭಯವಿದ್ದರೆ ಸೀಟಿ ಹೊಡೆಯುವ ಹಾಲಿನ ಕುಕ್ಕರ್ ತನ್ನಿ. ಎರಡು ಪದರದ ನಡುವೆ ನೀರು ತುಂಬುವುದನ್ನು ಮರೆಯಬೇಡಿ, ನೀರಿಲ್ಲದಿದ್ದರೆ ಸೀಟಿಯೂ ಇಲ್ಲ, ಪಾತ್ರೆಯೂ ಹಾಳು.

ಮದುವೆಗಳಲ್ಲಿ ಬಡಿಸುತ್ತೇನೆ. ಕಣ್ಣು ಕಾಣದವರ ಎಲೆಗೆ ಬಡಿಸುವಾಗ ಏನು ಹೇಳಬೇಕು?
— ಕೊರಟಗೆರೆ

ಮೊದಲು, ‘ಇವರಿಗೆ ಪಲ್ಯ ಹಾಕ್ಲಾ?’ ಎಂದು ಪಕ್ಕದವರನ್ನು ಕೇಳಬೇಡಿ. ಅವರನ್ನೇ ಕೇಳಿ. ಗುಂಡನೆಯ ತಟ್ಟೆಗೆ ಗಡಿಯಾರದ ಲೆಕ್ಕ ಚೆನ್ನ: ಎದೆಯ ಕಡೆ 6 ಗಂಟೆಗೆ ಮುದ್ದೆ, 12ಕ್ಕೆ ಸಾರಿನ ಬಟ್ಟಲು, 9ಕ್ಕೆ ಪಲ್ಯ. ಬಾಳೆ ಎಲೆ ಉದ್ದ, ಅದಕ್ಕೆ ಗಡಿಯಾರ ಹೊಂದುವುದಿಲ್ಲ. ‘ಮೇಲ್ಸಾಲು, ಎಡದಿಂದ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ, ಬಲ ಕೆಳಗೆ ಪಾಯಸ’ ಎಂದು ಒಂದು ಸಲ ಹೇಳಿದರೆ ಸಾಕು. ಅನ್ನದಲ್ಲಿ ಗುಂಡಿ ಮಾಡಿಕೊಳ್ಳುವವರೆಗೆ ತಿಳಿಸಾರು ಹಾಕಬೇಡಿ, ಮಡಿಲಿಗೆ ಬರುತ್ತದೆ. ನೀರಿನ ಲೋಟ ಇಟ್ಟು ಅವರ ಕೈಯ ಹಿಂಭಾಗಕ್ಕೆ ಒಮ್ಮೆ ತಾಗಿಸಿ, ಆಮೇಲೆ ಅದನ್ನು ಕದಲಿಸಬೇಡಿ.

ಗಂಡ ಹೆಂಡತಿ ಇಬ್ಬರಿಗೂ ಕಣ್ಣು ಕಾಣದ ಮನೆಯಲ್ಲಿ ರಾತ್ರಿ ಲೈಟ್ ಯಾಕೆ?
— ಪಕ್ಕದ ಮನೆಯವರು, ಚಿಂತಾಮಣಿ

ನೀವು ಬಂದಾಗ ಹೊಸಿಲು ಎಡವದಿರಲಿ ಎಂದು. ಅಲ್ಲದೆ ಅಂಧರಲ್ಲಿ ಎಷ್ಟೋ ಜನರಿಗೆ ಬೆಳಕು-ಕತ್ತಲೆ ತಿಳಿಯುತ್ತದೆ, ಕಿಟಕಿ ಬಾಗಿಲು ಯಾವ ಕಡೆ ಎಂಬುದು ಅದರಿಂದಲೇ ಸಿಗುತ್ತದೆ.

ತರಕಾರಿ ಅಂಗಡಿ ಇಟ್ಟಿದ್ದೇನೆ, ಕಣ್ಣು ಪೂರ್ತಿ ಕಾಣುವುದಿಲ್ಲ. 200 ಕೊಟ್ಟು 500 ಕೊಟ್ಟೆ ಎನ್ನುವವರು ಇದ್ದಾರೆ. ನೋಟು ಹಿಡಿಯುವುದು ಹೇಗೆ?
— ವ್ಯಾಪಾರಿ, ಕೋಲಾರ

ಹೊಸ ನೋಟುಗಳ ಉದ್ದ ಮಿಲಿಮೀಟರಿನಲ್ಲಿ ಹೀಗಿದೆ: 10 ರೂಪಾಯಿ 123, 20ರದ್ದು 129, 50ರದ್ದು 135, 100ರದ್ದು 142, 200ರದ್ದು 146, 500ರದ್ದು 150. ದೊಡ್ಡ ಮೂರರ ನಡುವೆ ನಾಲ್ಕೇ ಮಿ.ಮೀ. ವ್ಯತ್ಯಾಸ, ಅಗಲ ಮೂರಕ್ಕೂ 66. ಬರೀ ಬೆರಳಿಗೆ ಇದು ಸಿಗುವುದಿಲ್ಲ, ಅಳತೆಪಟ್ಟಿ ಬೇಕು. ಗಟ್ಟಿ ರಟ್ಟಿನ ಒಂದು ತುದಿಯನ್ನು ಮಡಚಿ ತಡೆಗೋಡೆ ಮಾಡಿ. ಅಲ್ಲಿಂದ 142, 146, 150 ಮಿ.ಮೀ. ದೂರಕ್ಕೆ ಅಂಚಿನಲ್ಲಿ ಕಚ್ಚು ಹಾಕಿಸಿ. ನೋಟನ್ನು ಗೋಡೆಗೆ ಒತ್ತಿ ಚಾಚಿ, ತುದಿ ಯಾವ ಕಚ್ಚಿಗೆ ಬಂತೆಂದು ಉಗುರಿನಿಂದ ಮುಟ್ಟಿ. ಮೂಲೆ ಮಡಚಿದ ನೋಟು ಚಿಕ್ಕದೆನಿಸಿ ಮೋಸ ಮಾಡುತ್ತದೆ, ಮೊದಲು ನಾಲ್ಕೂ ಮೂಲೆ ಬಿಡಿಸಿ. 100ರ ನೋಟಿನ ಮೇಲೆ ಉಬ್ಬಿದ ತ್ರಿಕೋನ, 500ರ ಮೇಲೆ ವೃತ್ತ ಇವೆ. ಗರಿಗರಿ ನೋಟಿನಲ್ಲಿ ತಿಳಿಯುತ್ತವೆ, ಸಂತೆಯಲ್ಲಿ ಕೈ ಬದಲಿಸಿ ಬಂದ ನೋಟಿನಲ್ಲಿ ಸವೆದಿರುತ್ತವೆ.

2020ರ ಜನವರಿ 1ರಂದು ರಿಸರ್ವ್ ಬ್ಯಾಂಕ್ ಬಿಡುಗಡೆ ಮಾಡಿದ ‘ಮನಿ’ ಆ್ಯಪ್ ಇಂಟರ್‌ನೆಟ್ ಇಲ್ಲದೆಯೂ ಕ್ಯಾಮೆರಾದಿಂದ ನೋಟು ಗುರುತಿಸಿ ಹೇಳುತ್ತದೆ. ಅಸಲಿಯೋ ನಕಲಿಯೋ ಮಾತ್ರ ಹೇಳುವುದಿಲ್ಲ. ನಾಣ್ಯದಲ್ಲಿ 20 ರೂಪಾಯಿಯದ್ದು ಸುಲಭ, ಹನ್ನೆರಡು ಮೂಲೆಗಳಿವೆ. ಫೋನಿನಲ್ಲಿ ಹಣ ಹಾಕುವವರ ‘ಹೋಯ್ತು ಅಣ್ಣ’ ಎಂಬ ಮಾತಿಗಿಂತ ಕೌಂಟರಿನ ಸೌಂಡ್‌ಬಾಕ್ಸ್ ಮಾತನ್ನು ನಂಬಿ. ಎಲ್ಲಕ್ಕಿಂತ ಮುಖ್ಯ, ನೋಟು ಕೈಗೆ ಬಂದ ಕೂಡಲೇ ‘ಇನ್ನೂರು’ ಎಂದು ಗಟ್ಟಿಯಾಗಿ ಹೇಳಿ, ಲೆಕ್ಕ ಮುಗಿಯುವವರೆಗೆ ಡಬ್ಬಿಗೆ ಹಾಕಬೇಡಿ. ನಾಲ್ಕು ಜನ ಕೇಳಿಸಿಕೊಂಡ ಮೇಲೆ 500 ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ.

ನಾದಿನಿಗೆ ಕಣ್ಣು ಕಾಣುವುದಿಲ್ಲ, ಫೋನ್ ಚೆನ್ನಾಗಿ ಬಳಸುತ್ತಾಳೆ. ಆದರೆ ಮನೆಯವರ ವಾಟ್ಸಾಪ್ ಗ್ರೂಪ್ ಬಿಟ್ಟು ಹೋದಳು. ಸಿಟ್ಟೇ?
— ಅತ್ತಿಗೆ, ಮುಳಬಾಗಿಲು

ಸಿಟ್ಟಲ್ಲ, ಸುಸ್ತು. ಅವರ ಫೋನಿನ ಟಾಕ್‌ಬ್ಯಾಕ್ ಪರದೆಯ ಮೇಲಿರುವುದನ್ನೆಲ್ಲ ಓದುತ್ತದೆ. ನೀವು ಸಾಲಾಗಿ ಒತ್ತುವ ಕೈಮುಗಿಯುವ ಚಿತ್ರ, ಗುಲಾಬಿ, ಕಣ್ಣೀರು ಸುರಿಸುವ ನಗು ಒಂದೊಂದಕ್ಕೂ ಒಂದು ಹೆಸರಿದೆ, ಅದನ್ನು ಕೇಳುತ್ತಾ ಕೂರಬೇಕು. ಸುಪ್ರಭಾತದ ಚಿತ್ರ ಕಳಿಸಿದರೆ ಹೆಚ್ಚಿನ ಸಲ ಕೇಳುವುದು ‘ಫೋಟೋ’ ಎಂದಷ್ಟೇ. ಮಗುವಿನ ಫೋಟೋ ಹಾಕುವಾಗ ಕೆಳಗೆ ‘ಪಾಪು ಬೂದುಗುಂಬಳಕಾಯಿ ಮೇಲೆ ಕೂತಿದೆ, ಮುಖ ತುಂಬ ಕುಂಕುಮ’ ಎಂದು ಒಂದು ಸಾಲು ಬರೆಯಿರಿ. ಮತ್ತೆ ಸೇರಿಸಿ ನೋಡಿ, ಎಲ್ಲರಿಗಿಂತ ಮೊದಲು ನಗುವವರು ಅವರೇ.

ಮಗಳಿಗೆ ರೆಟಿನೈಟಿಸ್ ಪಿಗ್ಮೆಂಟೋಸಾ. ಅವಳು ಮೆಚ್ಚಿದ ಹುಡುಗನಿಗೆ ಚಿಕ್ಕಂದಿನಲ್ಲಿ ದಡಾರ ಬಂದು ಕಣ್ಣು ಹೋಯಿತು. ಮಕ್ಕಳೂ ಹಾಗೇ ಹುಟ್ಟುತ್ತವೆ, ಅದರ ಬದಲು ಸೋದರಮಾವನಿಗೇ ಕೊಡಿ ಎನ್ನುತ್ತಾರೆ ಮನೆಯ ಹಿರಿಯರು.
— ತಂದೆ, ಮಾಲೂರು

ಹಿರಿಯರ ಸಲಹೆ ತಲೆಕೆಳಗಾಗಿದೆ. ದಡಾರದಿಂದ, ಎ ಜೀವಸತ್ವದ ಕೊರತೆಯಿಂದ ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆ ಹಾಳಾದದ್ದು ವಂಶಕ್ಕೆ ಹರಿಯುವುದಿಲ್ಲ. ಹುಡುಗನ ಅಂಧತ್ವ ಅವನಿಗೇ ಮುಗಿಯಿತು.

ನಿಮ್ಮ ಮಗಳದ್ದು ವಂಶವಾಹಿಯ ಕಾಯಿಲೆ. ಅದರಲ್ಲಿ ಹಲವು ವಿಧ. ಒಂದು ವಿಧದಲ್ಲಿ ತಂದೆ, ತಾಯಿ ಇಬ್ಬರಿಂದಲೂ ಅದೇ ದೋಷ ಬಂದರೆ ಮಾತ್ರ ಮಗುವಿಗೆ ಕಾಯಿಲೆ. ಸೋದರಮಾವ ಅದೇ ಕುಟುಂಬದವನು. ಅವನ ಕಣ್ಣು ಚೆನ್ನಾಗಿದ್ದರೂ ದೋಷವನ್ನು ಹೊತ್ತಿರುವ ಸಾಧ್ಯತೆ ಹೊರಗಿನವನಿಗಿಂತ ಬಹಳ ಹೆಚ್ಚು. ಅವನೂ ಹೊತ್ತಿದ್ದರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಅಪಾಯ. ಇನ್ನೊಂದು ವಿಧದಲ್ಲಿ ತಾಯಿಯಿಂದಲೇ ಅರ್ಧದಷ್ಟು ಸಾಧ್ಯತೆ ಇರುತ್ತದೆ, ಗಂಡ ಯಾರಾದರೂ ಅಷ್ಟೇ. ಯಾವ ವಿಧ ಎಂದು ತಿಳಿಯಲು ಮೂರು ತಲೆಮಾರಿನಲ್ಲಿ ಯಾರಿಗೆಲ್ಲ ಇರುಳುಗಣ್ಣು ಇತ್ತು, ಯಾರು ಯಾರು ಸಂಬಂಧದಲ್ಲೇ ಮದುವೆಯಾದರು ಎಂದು ಬರೆದುಕೊಂಡು, ಬೆಂಗಳೂರಿನ ಮಿಂಟೋ ಆಸ್ಪತ್ರೆಯಂಥ ದೊಡ್ಡ ಕಣ್ಣಾಸ್ಪತ್ರೆಯ ರೆಟಿನಾ ವೈದ್ಯರನ್ನು ಕಾಣಿ. ರಕ್ತದ ವಂಶವಾಹಿ ಪರೀಕ್ಷೆ ಮಾಡಿಸಬೇಕೇ ಎಂದು ಅವರು ಹೇಳುತ್ತಾರೆ. ಹುಡುಗಿ ಮೆಚ್ಚಿದ್ದಾಳೆ ಎಂಬುದೂ ಸಣ್ಣ ವಿಷಯವಲ್ಲ, ಅದನ್ನು ಮೊದಲಿಗೇ ಇಟ್ಟುಕೊಳ್ಳಿ.

ಕಣ್ಣು ಕಾಣದವರಿಗೆ ಕನಸು ಬೀಳುತ್ತಾ?
— ಐದನೇ ತರಗತಿ, ಗೌರಿಬಿದನೂರು

ಬೀಳುತ್ತದೆ ಪುಟ್ಟ. ಹುಟ್ಟಿನಿಂದ ಕಾಣದವರ ಕನಸಿನಲ್ಲಿ ಚಿತ್ರ ಇರುವುದಿಲ್ಲ. ದನಿ, ವಾಸನೆ, ರುಚಿ, ಮುಟ್ಟಿದ್ದು, ಓಡಿದ್ದು ಇರುತ್ತದೆ. ದೊಡ್ಡವರಾದ ಮೇಲೆ ಕಣ್ಣು ಹೋದವರಿಗೆ ಕನಸಿನಲ್ಲಿ ಚಿತ್ರಗಳೂ ಬರುತ್ತವೆ. ಪರೀಕ್ಷೆಗೆ ತಡವಾಗಿ ಹೋದ ಕನಸು ಮಾತ್ರ ಅವರಿಗೂ ತಪ್ಪಿದ್ದಲ್ಲ.

ಅಂಧರಿಗೆ ಚೆಕ್ ಬುಕ್, ಎಟಿಎಂ ಕೊಡಲ್ಲ, ಅಣ್ಣನ ಜೊತೆ ಜಂಟಿ ಖಾತೆ ಮಾಡಿ ಎಂದರು ಬ್ಯಾಂಕಿನವರು.
— ಶಿಕ್ಷಕಿ, ಚಿಕ್ಕಬಳ್ಳಾಪುರ

ಜಂಟಿ ಖಾತೆ ಬೇಡವೇ ಬೇಡ. ಚೆಕ್ ಬುಕ್, ಎಟಿಎಂ, ಲಾಕರ್ ಯಾವುದನ್ನೂ ಅಂಧರಿಗೆ ನಿರಾಕರಿಸಬಾರದು ಎಂದು ರಿಸರ್ವ್ ಬ್ಯಾಂಕ್ 2008ರ ಜೂನ್ 4ರಂದೇ ಎಲ್ಲ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿದೆ. ಆ ತಾರೀಕು ನಮೂದಿಸಿ ಮ್ಯಾನೇಜರಿಗೆ ಲಿಖಿತ ಅರ್ಜಿ ಕೊಡಿ, ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿಗೆ, ಅಂದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ವಿಚಾರಿಸಲು ಫೋನ್ 14448. ಹೆಚ್ಚಿನ ಸಲ ಸೀಲು ಹಾಕುವ ಹೊತ್ತಿಗೇ ಚೆಕ್ ಬುಕ್ ಫಾರಂ ಹೊರಗೆ ಬರುತ್ತದೆ.

ನಮ್ಮಿಬ್ಬರಿಗೂ ಕಣ್ಣು ಕಾಣುವುದಿಲ್ಲ, ಎರಡು ವರ್ಷದ ಮಗನಿಗೆ ಕಾಣುತ್ತದೆ. ಕಾಲಿಗೆ ಗೆಜ್ಜೆ ಕಟ್ಟಿದ್ದೆವು. ಈಗ ಗೆಜ್ಜೆಯನ್ನು ಕೈಲಿ ಹಿಡಿದುಕೊಂಡು ಸಕ್ಕರೆ ಡಬ್ಬಿಗೆ ಹೋಗುತ್ತಾನೆ! ಜ್ವರದ ಔಷಧಿಯನ್ನು ಅಳತೆಯಲ್ಲಿ ಹಾಕುವುದೂ ಕಷ್ಟ.
— ತಾಯಿ, ಬಂಗಾರಪೇಟೆ

ಮಗ ಚುರುಕಾಗಿದ್ದಾನೆ, ದೃಷ್ಟಿ ತೆಗೆಯಿರಿ. ಗೆಜ್ಜೆಯನ್ನು ಇನ್ನು ಕಾಲಿಗೆ ಬೇಡ, ಅಂಗಿಯ ಬೆನ್ನ ಮೇಲೆ ಭುಜದ ನಡುವೆ ಹೊಲಿಯಿರಿ, ಅಲ್ಲಿಗೆ ಕೈ ಎಟುಕುವುದಿಲ್ಲ. ಉದುರುವಂಥ ಬಿಡಿ ಗೆಜ್ಜೆ ಬೇಡ, ಬಾಯಿಗೆ ಹಾಕಿಕೊಳ್ಳುತ್ತಾನೆ. ಡಬ್ಬಿಯ ಮುಚ್ಚಳಕ್ಕೂ ಒಂದು ಗಂಟೆ ಕಟ್ಟಿ. ಬೀದಿ ಬಾಗಿಲ ಚಿಲಕ ಸದಾ ಮೇಲಿನದೇ ಇರಲಿ.

ಔಷಧಿಗೆ ಮೆಡಿಕಲ್ ಸ್ಟೋರಿನಲ್ಲಿ ಸೂಜಿಯಿಲ್ಲದ 5 ಎಂ.ಎಲ್. ಸಿರಿಂಜ್ ತನ್ನಿ. ವೈದ್ಯರು ಹೇಳಿದ ಅಳತೆಯವರೆಗೆ, 2.5 ಎಂ.ಎಲ್. ಎಂದುಕೊಳ್ಳಿ, ಕಣ್ಣು ಕಾಣುವವರೊಬ್ಬರಿಂದ ನೀರು ಎಳೆಸಿ. ಹಿಂದಕ್ಕೆ ಬಂದ ಕಡ್ಡಿ ಕೊಳವೆಯ ಬಾಯಿಗೆ ಸೇರುವ ಜಾಗದಲ್ಲಿ ಬ್ಲೇಡಿನಿಂದ ಸಣ್ಣ ಕಚ್ಚು ಹಾಕಿಸಿ. ಇನ್ನು ಮುಂದೆ ಕಚ್ಚು ಉಗುರಿಗೆ ಸಿಗುವವರೆಗೆ ಎಳೆದರೆ ಅಳತೆ ಸರಿ. ತುದಿ ಔಷಧಿಯಲ್ಲಿ ಪೂರ್ತಿ ಮುಳುಗದಿದ್ದರೆ ಗಾಳಿ ಸೇರಿ ಔಷಧಿ ಕಡಿಮೆಯಾಗುತ್ತದೆ. ಸಣ್ಣ ಬಟ್ಟಲಿಗೆ ಸುರಿದುಕೊಂಡು, ತುದಿಯನ್ನು ತಳಕ್ಕೆ ತಾಗಿಸಿ, ಒಮ್ಮೆ ಎಳೆದು ವಾಪಸ್ ಬಿಟ್ಟು, ಮತ್ತೆ ನಿಧಾನಕ್ಕೆ ಎಳೆಯಿರಿ. ಗಂಟಲಿಗೆ ನೇರ ಚಿಮ್ಮಿಸಬೇಡಿ, ನೆತ್ತಿಗೇರುತ್ತದೆ. ಮಗುವನ್ನು ಕೂರಿಸಿಕೊಂಡು, ಗಲ್ಲ ಹಿಡಿದ ಬೆರಳಿನ ಗುರುತಿನಲ್ಲಿ ಕೆನ್ನೆಯ ಒಳಬದಿಗೆ ಸ್ವಲ್ಪ ಸ್ವಲ್ಪವೇ ಬಿಡಿ. ತೂಕ ಹೆಚ್ಚಿ ವೈದ್ಯರು ಅಳತೆ ಬದಲಿಸಿದರೆ ಹಳೆ ಸಿರಿಂಜನ್ನು ಅಂದೇ ಬಿಸಾಡಿ, ಒಂದರಲ್ಲೇ ಎರಡು ಕಚ್ಚು ಬೇಡ. ಜ್ವರದ ಬಾಟಲಿಗೆ ಒಂದು ರಬ್ಬರ್ ಬ್ಯಾಂಡ್, ಕೆಮ್ಮಿನದಕ್ಕೆ ಎರಡು. ಸಿರಿಂಜನ್ನು ಅದರದರ ಬಾಟಲಿಗೇ ಸೇರಿಸಿ ಕಟ್ಟಿ, ಮಗನ ಕೈಗೆಟುಕದ ಕಪಾಟಿನಲ್ಲಿಡಿ.